ನನ್ನ ಮುಖದ ಮೇಲೆ ನಾನೇ ಬರೆದ ಅಪರಾಧಕ್ಕೆ ಸಮಜಾಯಿಷಿ

ನೋಟಸಿರಿ ಸಂಚಾರಿ ನೇತ್ರ ತಪಾಸಣಾ ಯೋಜನೆಯ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ, ತಮ್ಮ ಕಚೇರಿಯ ನೋಟಿಸು ತಲುಪಿತು. ಜಗಳೂರು ಬಸ್ ನಿಲ್ದಾಣದ ಗೋಡೆಯ ಮೇಲಿದ್ದ ‘ಯೋಜನೆಯ ಪ್ರಚಾರ ಸಾಮಗ್ರಿಯನ್ನು ಉದ್ದೇಶಪೂರ್ವಕವಾಗಿ ವಿರೂಪಗೊಳಿಸಿದ’ ಆರೋಪ ನನ್ನ ಮೇಲಿದೆಯಂತೆ. ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ಕೊಡಬೇಕಂತೆ, ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಖುದ್ದಾಗಿ ಹಾಜರಾಗಬೇಕಂತೆ. ಕಾಗದವನ್ನು ಎಡಗಣ್ಣಿಗೆ ಹಿಡಿದರೆ ತಮ್ಮ ಸಾಲುಗಳು ನಡುವೆ ಬಾಗಿ ಅಕ್ಷರಗಳು ಹೊಂಡಕ್ಕೆ ಬಿದ್ದವು. ಬಲಗಣ್ಣಿಗೆ ಹಿಡಿದರೆ ಅಕ್ಷರ ಸರಿಯಾಗಿ ಕಂಡವು, ಕೋಪ ಬಂತು. ಆದ್ದರಿಂದ ಸಮಜಾಯಿಷಿಯನ್ನು ಕೊಡುತ್ತಿದ್ದೇನೆ. ತಮ್ಮೊಬ್ಬರಿಗೇ ಕೊಟ್ಟರೆ ಕಡತದಲ್ಲಿ ಮಲಗುತ್ತದೆ ಎಂಬ ಭಯದಿಂದ ಊರಿಗೆಲ್ಲ ಕೇಳುವಂತೆ ಕೊಡುತ್ತಿದ್ದೇನೆ.

ಮೊದಲು ತಪ್ಪೊಪ್ಪಿಗೆ. ಹೌದು, ಆ ಪೋಸ್ಟರಿನ ಮೇಲೆ ದಪ್ಪ ಸ್ಕೆಚ್ ಪೆನ್ನಿನಿಂದ ಬರೆದವನು ನಾನೇ. ಆದರೆ ವಿರೂಪಗೊಂಡ ಆ ಸಾಮಗ್ರಿ ಯಾವುದೆಂದು ತಮ್ಮ ನೋಟಿಸು ಹೇಳುವುದಿಲ್ಲ. ಅದು ನನ್ನ ಮುಖ. ಹಲ್ಲು ಬಿಟ್ಟು ನಗುತ್ತಿರುವ ನನ್ನ ಮುಖದ ಕೆಳಗೆ ‘ನೋಟಸಿರಿ ಬಂತು, ನನ್ನ ಕಣ್ಣು ಉಳಿಯಿತು’ ಎಂದು ನಾನು ಎಂದೂ ಆಡದ ಮಾತನ್ನು ನನ್ನ ಬಾಯಿಗೆ ತುರುಕಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನ ಗೋಡೆಗಳಿಗೆ ಅಂಟಿಸಿದವರು ತಾವು. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಮನುಷ್ಯನೊಬ್ಬ ‘ನನ್ನ ಕಣ್ಣಿಗೆ ಏನೋ ಆಗುತ್ತಿದೆ’ ಎಂದು ಹೇಳಿಕೊಂಡು ಬಂದಾಗ ಅವನಿಗೆ ‘ಕಣ್ಣು ಆರೋಗ್ಯಕರ, ಮುಂದಿನ ತಪಾಸಣೆ ಅಗತ್ಯವಿಲ್ಲ’ ಎಂಬ ಹಸಿರು ಚೀಟಿ ಕೊಟ್ಟು ಕಳಿಸಿದವರೂ ತಾವೇ. ನನ್ನ ಮುಖದ ಮೇಲೆ ನಾನು ನಿಜ ಬರೆದದ್ದಕ್ಕೆ ನೋಟಿಸು ಬಂತು. ನನ್ನ ಕಣ್ಣಿನ ಬಗ್ಗೆ ಸುಳ್ಳು ಬರೆದವರಿಗೆ ನೋಟಿಸು ಕೊಡುವ ಕಚೇರಿ ಯಾವುದು, ಅದರ ವಿಳಾಸವನ್ನು ತಿಳಿಸುತ್ತೀರಾ?

ನಾನು ಯಾರೆಂದು ಹೇಳಬೇಕು, ಏಕೆಂದರೆ ತಮಗೆ ನಾನು ‘ಫಲಾನುಭವಿ’ ಮಾತ್ರ. ಚನ್ನಗಿರಿಯ ಪೇಟೆಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಹೊಂದುವ ಬ್ಲೌಸ್ ಪೀಸು, ಫಾಲ್, ಲೈನಿಂಗ್, ದಾರ ಮಾರುವ ಅಂಗಡಿ. ಮೂವತ್ತು ವರ್ಷದಿಂದ ನಾನೂ ನನ್ನ ಹೆಂಡತಿ ಮಸರತ್‌ಳೂ ಅದನ್ನು ನಡೆಸುತ್ತಿದ್ದೇವೆ. ಈ ವ್ಯಾಪಾರಕ್ಕೆ ಬೇಕಾದದ್ದು ಕಣ್ಣು. ನವಿಲು ನೀಲಿಗೂ ರಾಮಾ ಗ್ರೀನಿಗೂ ಇರುವ ಅಂತರ, ಕೆನೆ ಬಣ್ಣಕ್ಕೂ ಬೆಣ್ಣೆ ಬಣ್ಣಕ್ಕೂ ಇರುವ ಅಂತರ, ಟ್ಯೂಬ್‌ಲೈಟಿನಲ್ಲಿ ಒಂದಾಗಿ ಕಂಡು ಬಿಸಿಲಿಗೆ ಹಿಡಿದರೆ ಬೇರೆಯಾಗುವ ಎರಡು ನೇರಳೆಗಳು, ಇವೇ ನಮ್ಮ ವಿದ್ಯೆ. ಕೆರೆಬಿಳಚಿಯಿಂದ ಹೆಣ್ಣುಮಕ್ಕಳು ಸೀರೆ ತರದೆ ಬರೇ ಬಾಯಲ್ಲಿ ಬಣ್ಣ ಹೇಳಿ ಫಾಲ್ ಒಯ್ಯುತ್ತಿದ್ದರು. ‘ಇಲಿಯಾಸಣ್ಣ ಕೊಟ್ರೆ ವಾಪಸ್ ಬರಂಗಿಲ್ಲ’ ಎಂಬ ಹೆಸರಿತ್ತು. ಜಂಬವಲ್ಲ. ಇದ್ದರೂ ಈಗ ಇಳಿದಿದೆ.

ಇಳಿಸಿದವರು ಕಸ್ತೂರಮ್ಮನವರು. ನಮ್ಮ ಹಳೇ ಗಿರಾಕಿ, ಅಂಗನವಾಡಿ ಶಿಕ್ಷಕಿ, ಕೋಪ ಬಂದರೂ ‘ರೀ’ ಬಿಡದ ಹೆಂಗಸು. ಹೋದ ವರ್ಷ ದೀಪಾವಳಿಗೆ ಮುಂಚೆ ಮಗಳ ನಿಶ್ಚಿತಾರ್ಥದ ಸೀರೆ ತಂದಿದ್ದರು, ಕಡು ನೀಲಿ. ಫಾಲ್ ಕೊಟ್ಟು ಕಳಿಸಿದೆ. ಮಾರನೆಯ ದಿನ ಸೀರೆಯನ್ನು ಕೌಂಟರಿನ ಮೇಲೆ ಹರಡಿ ಅವರು ಕೇಳಿದರು:

“ಏನ್ರೀ ಇದು ಇಲಿಯಾಸಣ್ಣ, ಶುಭಕಾರ್ಯದ ಸೀರೆಗೆ ಕರೀ ಫಾಲ್ ಕೊಟ್ಟೀರಲ್ರೀ? ಏನರ ಸಿಟ್ಟೈತಾ ನಮ್ಮ ಮ್ಯಾಲೆ?”

“ಕರೀದಾ? ಇಲ್ಲ ಕಸ್ತೂರಮ್ಮ, ನೇವಿ ಬ್ಲೂ ಅದು.”

ಅವರು ಫಾಲನ್ನು ತಮ್ಮ ಛತ್ರಿಯ ಕಪ್ಪು ಬಟ್ಟೆಯ ಪಕ್ಕ ಇಟ್ಟರು. ನನಗೆ ಛತ್ರಿಯೂ ಫಾಲೂ ಸೀರೆಯೂ ಮೂರೂ ಒಂದೇ ಕಂಡವು. ಮಸರತ್ ನನ್ನ ಮುಖ ನೋಡಿದಳು. ನಾನು ನಕ್ಕು ಬೇರೆ ಫಾಲ್ ತೆಗೆಯಲು ತಿರುಗಿದೆ. ಮೂವತ್ತು ವರ್ಷ ನಾನೇ ಜೋಡಿಸಿದ ಕಪಾಟಿನ ಮುಂದೆ ಯಾವುದಕ್ಕೆ ಕೈ ಹಾಕಬೇಕೆಂದು ತಿಳಿಯದೆ ನಿಂತೆ. ಮಸರತ್ ಎದ್ದು ಬಂದು ತೆಗೆದುಕೊಟ್ಟಳು. ಅವತ್ತಿನಿಂದ ನೀಲಿ ಮತ್ತು ಹಳದಿ ಅವಳ ಪಾಲಿಗೆ, ಕೆಂಪು ನನ್ನ ಪಾಲಿಗೆ ಎಂದು ಅಂಗಡಿಯನ್ನು ಬಾಯಿಬಿಟ್ಟು ಆಡದೆಯೇ ಹಂಚಿಕೊಂಡೆವು.

ನಿರ್ದೇಶಕರೇ, ಇಷ್ಟಾದ ಮೇಲೂ ನಾನು ವೈದ್ಯರ ಬಳಿ ಹೋಗಲಿಲ್ಲ. ಅದು ನನ್ನ ತಪ್ಪು, ಅದನ್ನು ತಮ್ಮ ಮೇಲೆ ಹಾಕುವುದಿಲ್ಲ. ಮಾತ್ರೆಗಳನ್ನು ಮರೆತು ಮರೆತು ನುಂಗಿದವನೂ ನಾನೇ, ‘ಅರ್ಧ ಚಮಚ’ ಎಂದು ಹೇಳಿ ಚಹಾದ ತಳದಲ್ಲಿ ಸಕ್ಕರೆ ನಿಲ್ಲಿಸಿಕೊಂಡವನೂ ನಾನೇ. ಆದರೆ ಡಿಸೆಂಬರಿನಲ್ಲಿ ತಮ್ಮ ವ್ಯಾನು ಧ್ವನಿವರ್ಧಕದಲ್ಲಿ ‘ಸಕ್ಕರೆ ಕಾಯಿಲೆ ಇರುವವರೇ, ನಿಮ್ಮ ಕಣ್ಣನ್ನು ನಮಗೆ ಕೊಡಿ’ ಎಂದು ಕೂಗುತ್ತ ಬಂದಾಗ ಮಸರತ್ ಅಂಗಡಿಯ ಬಾಗಿಲು ಎಳೆದಳು. ಮನೆಯಲ್ಲಿ ನಾವು ಉರ್ದು ಆಡುತ್ತೇವೆ, ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: “ನಡೀರಿ, ಇಲ್ಲಾಂದ್ರೆ ನಾಳೆ ಗಿರಾಕಿಗೆ ಮೈದಾ ಬಣ್ಣದ ಸೀರೆಗೆ ಅರಿಶಿನದ ದಾರ ಕೊಡ್ತೀರಿ.” ನಡೆದೆ.

ತಮ್ಮ ವ್ಯಾನಿನೊಳಗೆ ಆದದ್ದನ್ನು ತಾವು ನೋಡಿಲ್ಲ, ಕೇಳಿ. ಪ್ರವೀಣ್ ಕುಮಾರ್ ಎಂಬ ತಂತ್ರಜ್ಞರಿದ್ದರು. ಸಭ್ಯ ಮನುಷ್ಯ. ಅಕ್ಷರದ ಹಲಗೆ ತೋರಿಸಿದರು. ಕಪ್ಪಗೆ ಅಚ್ಚಾದ ಅಕ್ಷರಗಳು, ಬೆಳ್ಳಗಿನ ಹಲಗೆ. ಕೊನೆಯ ಸಾಲಿನವರೆಗೆ ಓದಿದೆ. ಕ್ಯಾಮೆರಾಕ್ಕೆ ಗಲ್ಲವಿಟ್ಟೆ, ಬೆಳಕು ಹೊಡೆಯಿತು. ಪಾಪೆ ಹಿಗ್ಗಿಸುವ ಹನಿ ಹಾಕಲಿಲ್ಲ. ‘ಹನಿ ಹಾಕಿದ್ರೆ ಅರ್ಧ ಗಂಟೆ ಕಾಯ್ಬೇಕ್ರೀ, ನಮಗೆ ದಿನಕ್ಕೆ ಇನ್ನೂರು ಜನ ಮುಗಿಸ್ಬೇಕು’ ಎಂದರು. ನಾನು ಹೇಳಿದೆ:

“ಸರ್, ಅಕ್ಷರ ಕಾಣ್ತವೆ. ಬಣ್ಣ ಕೆಟ್ಟೈತೆ. ನೀಲಿ ಕರಿ ಒಂದೇ ಆಗ್ಯಾವೆ. ತಿಳಿಹಳದಿ ಬಿಳೀ ಕಾಣ್ತೈತೆ. ಮಬ್ಬು ಬೆಳಕಿನಾಗೆ ಮೆಟ್ಲು ಇಳಿಯಾಕೆ ಆಗಲ್ಲ.”

ಅವರು ಕೈಯಲ್ಲಿದ್ದ ಟ್ಯಾಬನ್ನು ಮೇಲಕ್ಕೂ ಕೆಳಕ್ಕೂ ಸರಿಸಿದರು. “ಅದನ್ನ ಬರೆಯಾಕೆ ಇಲ್ಲಿ ಜಾಗ ಇಲ್ಲ ರೀ. ಅಕ್ಷರ ಓದಿದ್ರಾ, ಇಲ್ಲಾ? ಕಣ್ಣಿನ ಪರದೆ ಮ್ಯಾಲೆ ರಕ್ತ ಐತಾ, ಇಲ್ಲಾ? ಎರಡೇ ಇರೋದು.”

ಅಕ್ಷರ ಓದಿದ್ದೆ. ರಕ್ತ ಇರಲಿಲ್ಲ. ಹಸಿರು ಚೀಟಿ ಬಂತು. ‘ಮುಂದಿನ ತಪಾಸಣೆ ಅಗತ್ಯವಿಲ್ಲ.’ ಹೊರಗೆ ಫೋಟೊ ತೆಗೆಯುವವರೊಬ್ಬರು ನಿಂತಿದ್ದರು. ‘ನಗ್ರೀ ಸಾಹೇಬ್ರೆ’ ಎಂದರು. ಕಣ್ಣು ಚೆನ್ನಾಗಿದೆ ಎಂದು ಸರ್ಕಾರಿ ಮೊಹರು ಬಿದ್ದ ಚೀಟಿ ಕೈಯಲ್ಲಿದ್ದವನು ಅಳುತ್ತಾನೆಯೇ? ನಕ್ಕೆ. ಹಲ್ಲೆಲ್ಲ ಕಾಣುವಂತೆ ನಕ್ಕೆ. ಆ ನಗುವೇ ತಮ್ಮ ಪ್ರಚಾರ ಸಾಮಗ್ರಿ.

ಚೀಟಿಯನ್ನು ಮಸರತ್ ಪ್ಲಾಸ್ಟಿಕ್ ಹಾಕಿಸಿ ಗಲ್ಲಾದ ಮೇಲೆ ಇಟ್ಟಳು. ಬಣ್ಣ ತಪ್ಪಿದಾಗಲೆಲ್ಲ ನಾನು ಅದನ್ನು ನೋಡಿ, ವಯಸ್ಸಾಯಿತು, ಬಲ್ಬು ಮಂಕಾಗಿದೆ, ಈಗಿನ ಡೈ ಸರಿಯಿಲ್ಲ ಎಂದುಕೊಂಡೆ. ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಅಳತೆ ಟೇಪನ್ನು ನೋಡಿದೆ. ನೆಟ್ಟಗಿರಬೇಕಾದ ಟೇಪು ನಡುವೆ ಹೊಟ್ಟೆ ಉಬ್ಬಿಸಿಕೊಂಡಿತ್ತು. ಬಲಗಣ್ಣು ಮುಚ್ಚಿದೆ. ಎದುರು ಕೂತ ಮಸರತ್‌ಳ ಕಿವಿಯೋಲೆಗಳು ಕಂಡವು, ತಲೆಯ ಮೇಲಿನ ಸೆರಗು ಕಂಡಿತು, ನಡುವಿನ ಮುಖ ಇರಲಿಲ್ಲ. ಮೂವತ್ತೊಂದು ವರ್ಷ ನೋಡಿದ ಮುಖ. “ಏನಾಯ್ತು?” ಎಂದಳು. “ಏನಿಲ್ಲ” ಎಂದೆ. ಜೀವನದಲ್ಲಿ ನಾನು ಹೇಳಿದ ಅತಿ ದೊಡ್ಡ ಸುಳ್ಳು ಅದು. ತಮ್ಮ ಪೋಸ್ಟರಿನದು ಅದರ ನಂತರದ್ದು.

ಚೀಟಿ ಕೊಟ್ಟವರೇ ಮತ್ತೆ ನೋಡಲಿ ಎಂದು ವ್ಯಾನನ್ನು ಹುಡುಕಿ ಹೊರಟೆ. ಮಸರತ್ ಅಂಗಡಿಯಲ್ಲಿ ಕೂತಳು. ಸಹಾಯವಾಣಿಯ ಪ್ರಕಾರ ವ್ಯಾನು ಹೊನ್ನಾಳಿಯಲ್ಲಿತ್ತು. ಹೊನ್ನಾಳಿಗೆ ಹೋದರೆ ಅದು ಎರಡು ದಿನದ ಹಿಂದೆಯೇ ನ್ಯಾಮತಿಗೆ ಹೊರಟಿತ್ತು. ಬಸ್ ನಿಲ್ದಾಣದಲ್ಲಿ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬಸ್ಸಿನ ಬೋರ್ಡುಗಳನ್ನು ಓದುತ್ತ ನಿಂತಿದ್ದೆ. ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು, ಶಂಕ್ರಮ್ಮ ಎಂದು ಆಮೇಲೆ ಹೆಸರು ಗೊತ್ತಾಯಿತು, ನನ್ನನ್ನೂ ನನ್ನ ಹಿಂದಿನ ಗೋಡೆಯನ್ನೂ ಒಂದೆರಡು ಸಲ ನೋಡಿದಳು.

“ಅಲ್ರೀ ಸಾಹೇಬ್ರೆ, ಗೋಡೆ ಮ್ಯಾಲೆ ಎರಡೂ ಕಣ್ಣು ಬಿಟ್ಕಂಡು ನಗ್ತೀರಿ, ಕೆಳಗೆ ಒಂದು ಮುಚ್ಕಂಡು ನಿಂತೀರಲ್ಲ, ಯಾವುದನ್ನ ನಂಬಾನ ನಾವು?”

ತಿರುಗಿದೆ. ಆಳೆತ್ತರದ ನಾನು. ಬಲಗಣ್ಣಿನಿಂದ ಓದಿದೆ. ಓದಿದ್ದನ್ನು ನಂಬಲಾರದೆ ಶಂಕ್ರಮ್ಮನ ಕೈಲಿ ಓದಿಸಿದೆ. ಆಕೆ ಅಕ್ಷರ ಕೂಡಿಸಿ ಕೂಡಿಸಿ ‘ನನ್ನ... ಕಣ್ಣು... ಉಳಿಯಿತು’ ಎಂದು ಓದಿ, “ಉಳಿದಿಲ್ಲೇನ್ರೀ?” ಎಂದು ಕೇಳಿದಳು. ಎರಡು ಬಾಳೆಹಣ್ಣು ಎತ್ತಿ ಕೊಡಲು ಬಂದಳು. ಸಕ್ಕರೆ ಕಾಯಿಲೆ ಎಂದೆ. ಅದಕ್ಕೂ ಆಕೆ ಗೋಡೆಯನ್ನೇ ಒಮ್ಮೆ ಅನುಮಾನದಿಂದ ನೋಡಿದಳು.

ನ್ಯಾಮತಿಯಲ್ಲಿ ವ್ಯಾನು ಸಿಕ್ಕಿತು. ಒಳಗೆ ಕ್ಯಾಮೆರಾದ ಮೇಲೆ ಪೋಸ್ಟರಿನ ಸುರುಳಿಗಳು, ಕುರ್ಚಿಯ ಮೇಲೆ ಅಂಟಿನ ಬಕೆಟ್ಟು. ಇಬ್ಬರು ಸಿಬ್ಬಂದಿ ನನ್ನನ್ನು ಗುರುತು ಹಿಡಿದು ಕೂಗಿದರು, “ಅರೆ, ಫಲಾನುಭವಿ ಬಂದ್ರು!” ಸೆಲ್ಫಿಯೂ ಆಯಿತು. ಕಣ್ಣು ಪರೀಕ್ಷೆ ಮಾಡಿ ಎಂದೆ. ಪ್ರವೀಣ್ ಕುಮಾರ್ ನನ್ನ ನಂಬರು ಹಾಕಿದರು. ಟ್ಯಾಬಿನಲ್ಲಿ ‘ಆರೋಗ್ಯಕರ, ಪ್ರಕರಣ ಮುಕ್ತಾಯ’ ಎಂದು ಹಸಿರು ಬಂತು. ಒಮ್ಮೆ ಮುಕ್ತಾಯವಾದ ಕಣ್ಣನ್ನು ತಮ್ಮ ಯಂತ್ರ ಎರಡನೇ ಸಲ ತೆಗೆದುಕೊಳ್ಳುವುದಿಲ್ಲವಂತೆ. ಪ್ರಕರಣವೇನೋ ಮುಗಿದಿತ್ತು. ಕಣ್ಣು ಇನ್ನೂ ನಡೆಯುತ್ತಿತ್ತು. ಇದಕ್ಕೆ ತಮ್ಮಲ್ಲಿ ಯಾವ ಗುಂಡಿ ಒತ್ತಬೇಕು?

ಆದರೆ ಪ್ರವೀಣ್ ಕುಮಾರ್ ನನ್ನ ಹಿಂದೆಯೇ ರಸ್ತೆಯವರೆಗೆ ಬಂದರು. ಟೇಪು ಬಾಗಿ ಕಂಡದ್ದನ್ನು ಹೇಳಿದಾಗ ಅವರ ಮುಖ ಇಳಿದಿತ್ತು. “ಸಾಹೇಬ್ರೆ, ನಾನು ಹೇಳ್ದೆ ಅಂತ ಅನ್ಬ್ಯಾಡ್ರಿ. ನಾಳೆನೇ ದಾವಣಗೆರೆಗೆ ಹೋಗ್ರಿ. ಕಣ್ಣಿನ ಆಸ್ಪತ್ರ್ಯಾಗೆ ಡಾಕ್ಟ್ರು ಸಂಧ್ಯಾರಾಣಿ ಅಂತ ಅದಾರೆ. ತಡ ಮಾಡ್ಬ್ಯಾಡ್ರಿ,” ಎಂದರು. ಅವರು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ, ಬರೆಯುವ ಮುನ್ನ ಅವರನ್ನು ಕೇಳಿದ್ದೇನೆ. “ಬರೀರಿ, ಎಷ್ಟು ದಿನ ಅಂತ ಹಸಿರು ಒತ್ತಾನ,” ಎಂದರು. ಅವರಿಗೆ ನೋಟಿಸು ಕಳಿಸುವ ಮುನ್ನ ಈ ವಾಕ್ಯವನ್ನು ಎರಡು ಸಲ ಓದಿ.

ಡಾಕ್ಟರ್ ಸಂಧ್ಯಾರಾಣಿ ಹನಿ ಹಾಕಿದರು, ಕಾಯಿಸಿದರು, ಪರದೆಯನ್ನು ಪದರ ಪದರವಾಗಿ ತೋರಿಸುವ ಸ್ಕ್ಯಾನ್ ಮಾಡಿದರು. ಎಡಗಣ್ಣಿನ ಪರದೆಯ ನಟ್ಟನಡುವೆ ನೀರು ತುಂಬಿ ಉಬ್ಬಿತ್ತು. ಆಮೇಲೆ ಆಸ್ಪತ್ರೆಯ ಚೀಟಿಯ ಹಿಂದೆ ಪೆನ್ನಿನಿಂದ ಚಿತ್ರ ಬರೆದು ಹೇಳಿದ ಮಾತುಗಳನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ತಮ್ಮ ಯೋಜನೆಯ ಕೈಪಿಡಿಯಲ್ಲಿ ಇದು ಇಲ್ಲ, ನಾನು ಮಸರತ್ ಕೈಲಿ ಪೂರ್ತಿ ಓದಿಸಿದ್ದೇನೆ.

ಕಣ್ಣಿನ ಹಿಂದಿನ ಪರದೆಯಾದ ರೆಟಿನಾದಲ್ಲಿ ಬೆಳಕನ್ನು ಹಿಡಿದು ಸುದ್ದಿ ಮುಟ್ಟಿಸುವ ನರಕೋಶಗಳಿವೆ. ಅವುಗಳ ನಡುವೆ ಗ್ಲಿಯಾ ಎಂಬ ಇನ್ನೊಂದು ಬಗೆಯ ಕೋಶಗಳಿವೆ. ಹಿಂದಿನ ವಿಜ್ಞಾನಿಗಳು ಇವು ನರಕೋಶಗಳನ್ನು ಹಿಡಿದಿಡುವ ಅಂಟು ಎಂದುಕೊಂಡು ಅದೇ ಅರ್ಥದ ಹೆಸರಿಟ್ಟರಂತೆ. ಅಂಟಲ್ಲ ಎಂದು ಆಮೇಲೆ ಗೊತ್ತಾಯಿತು. ಅವುಗಳಲ್ಲಿ ಮುಲ್ಲರ್ ಕೋಶ ಎಂಬುದೊಂದಿದೆ. ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಚಾಚಿಕೊಂಡಿದ್ದು ನರಕೋಶಕ್ಕೆ ಆಹಾರ ಕೊಡುತ್ತದೆ, ಅದು ಬಳಸಿ ಬಿಟ್ಟ ರಾಸಾಯನಿಕವನ್ನು ಬಳಿದು ತೆಗೆಯುತ್ತದೆ, ಹೆಚ್ಚಾದ ನೀರನ್ನು ಹೊರಹಾಕುತ್ತದೆ. ಇನ್ನು ಕೆಲವು ರಕ್ತನಾಳಗಳನ್ನು ಅಪ್ಪಿಕೊಂಡು ಸೋರದಂತೆ ನೋಡಿಕೊಳ್ಳುತ್ತವೆ. ಮತ್ತೆ ಕೆಲವು ಸಣ್ಣವು ಸುತ್ತಾಡಿ ಕಸ ತೆಗೆಯುತ್ತ ಕಾವಲು ಕಾಯುತ್ತವೆ. ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಇವುಗಳ ನಡತೆ ಕೆಡುತ್ತದೆ. ಕಾವಲಿನವು ಉರಿದೇಳುತ್ತವೆ. ಮುಲ್ಲರ್ ಕೋಶ ನೀರು ತೆಗೆಯುವ ಕೆಲಸದಲ್ಲಿ ಸೋಲುತ್ತದೆ, ರಕ್ತನಾಳ ಸೋರುವಂತೆ ಮಾಡುವ ಸಂಕೇತಗಳನ್ನು ತಾನೇ ಕಳಿಸತೊಡಗುತ್ತದೆ. ಪರದೆ ಊದಿಕೊಳ್ಳುತ್ತದೆ. ಕ್ಯಾಮೆರಾದಲ್ಲಿ ರಕ್ತದ ಚುಕ್ಕೆ ಕಾಣಿಸುವ ಮೊದಲೇ ಈ ಕೆಡುಕು ಶುರುವಾಗಿರಬಹುದು ಎನ್ನುತ್ತಾರಂತೆ ಈಗಿನ ಸಂಶೋಧಕರು. ಆಗ ಕೆಲವರಿಗೆ ಬಣ್ಣದ ಸೂಕ್ಷ್ಮ, ಅದರಲ್ಲೂ ನೀಲಿ ಹಳದಿಯದು, ಮತ್ತು ಮಬ್ಬಿನಲ್ಲಿನ ನೋಟ ಮೊದಲು ಮಂಕಾಗುತ್ತದಂತೆ.

“ನಿಮ್ಮ ಕಣ್ಣು ರಕ್ತ ಸೋರಿಸೋಕಿಂತ ಮೊದ್ಲೇ ಮಾತಾಡಿತ್ತು ಅನ್ಸುತ್ತೆ ರೀ. ಯಾರೂ ಬರ್ಕಂಡಿಲ್ಲ ಅಷ್ಟೆ,” ಎಂದರು ಡಾಕ್ಟರು. ಹಾಗೆಂದು ತಮ್ಮನ್ನು ಬೈಯಲು ನನಗೆ ಪೂರ್ತಿ ಅವಕಾಶವನ್ನೂ ಕೊಡಲಿಲ್ಲ. “ಬಣ್ಣ ಕೆಟ್ಟಿದ್ದು ಗ್ಲಿಯಾದಿಂದ್ಲೇ ಅಂತ ನಾನು ಆಣೆ ಮಾಡಿ ಹೇಳಲ್ಲ. ಕಣ್ಣಿನ ಪೊರೆಯಿಂದ್ಲೂ ಹಂಗಾಗ್ತೈತೆ. ವ್ಯಾನಿನ ಕ್ಯಾಮೆರಾಕ್ಕೆ ಗ್ಲಿಯಾ ಕಾಣಂಗೂ ಇಲ್ಲ, ಅದು ಆ ಹುಡುಗರ ತಪ್ಪಲ್ಲ. ಆದ್ರೆ ಸಕ್ಕರೆ ಕಾಯಿಲೆ ಇರೋರಿಗೆ ವರ್ಷಕ್ಕೊಂದು ಸಲ ಹನಿ ಹಾಕಿ ನೋಡ್ಲೇಬೇಕು. ‘ಮುಂದೆ ಬೇಡ’ ಅಂತ ಯಾರ್ರೀ ಬರೆದಿದ್ದು?”

ತಾವು ಬರೆದಿದ್ದು, ನಿರ್ದೇಶಕರೇ. ಅಂಟು ಎಂದು ತಿಳಿದ ಕೋಶ ಅಂಟಲ್ಲ ಎಂದು ವಿಜ್ಞಾನ ಒಪ್ಪಿಕೊಂಡು ತಿದ್ದಿಕೊಂಡಿತು. ತಮ್ಮ ಯೋಜನೆಯಲ್ಲಿ ಅಂಟು ಅಂಟಾಗಿಯೇ ಉಳಿದಿದೆ, ಅದೂ ಪೋಸ್ಟರಿನ ಹಿಂದೆ ಮಾತ್ರ.

ಕಣ್ಣಿಗೆ ಚುಚ್ಚುಮದ್ದು ಶುರುವಾಯಿತು. ತಿಂಗಳಿಗೊಮ್ಮೆ. ಸೂಜಿ ಕಣ್ಣಿಗೆ ಎಂದಾಗ ಮೊದಲ ಸಲ ಮಸರತ್ ನನ್ನ ಕೈ ಹಿಡಿಯದೆ ನನ್ನ ಚಪ್ಪಲಿ ಹಿಡಿದುಕೊಂಡು ಕೂತಳು, ನಾನು ಎದ್ದು ಓಡದಂತೆ. ಅದು ಮುಗಿದ ವಾರವೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರ ಮುಂದೆ ಡಾಕ್ಟರ ಚಿತ್ರ ಇಟ್ಟು, ಪೋಸ್ಟರು ತೆಗೆಸಿ, ಚೀಟಿಯ ಒಕ್ಕಣೆ ಬದಲಿಸಿ ಎಂದು ಕೇಳಿದೆ, ಮುಲ್ಲರ್ ಕೋಶದ ತೊಂದರೆ ರಕ್ತ ಕಾಣುವ ಮೊದಲೇ ಇರುತ್ತದೆ ಎಂದು ವಿವರಿಸಿದೆ. ಅವರು ನನ್ನ ಗಡ್ಡವನ್ನೂ ಟೋಪಿಯನ್ನೂ ನೋಡಿ ಸಹಾನುಭೂತಿಯಿಂದ ಹೇಳಿದರು:

“ಮುಲ್ಲಾರ ತೊಂದ್ರೆ ಅಂದ್ರೆ ಅದು ನಮಗೆ ಬರಲ್ಲ ರೀ. ಅಲ್ಪಸಂಖ್ಯಾತರ ಇಲಾಖೆಗೆ ಅರ್ಜಿ ಹಾಕ್ರಿ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಗಷ್ಟೇ ಸೂಜಿ ಹಾಕಿಸಿಕೊಂಡ ಕಣ್ಣಿಗೆ ಎರಡೂ ಬೇಡವೆಂದು ಸುಮ್ಮನೆ ಎದ್ದು ಬಂದೆ. ಆ ಕೋಶ ತಮ್ಮ ಗುಮಾಸ್ತರ ಕಣ್ಣಿನಲ್ಲೂ ಇದೆ, ತಮ್ಮ ಕಣ್ಣಿನಲ್ಲೂ ಇದೆ, ಯಾವ ಇಲಾಖೆಗೂ ಸೇರಿಲ್ಲ ಎಂದು ಯಾರಾದರೂ ಅವರಿಗೆ ಹೇಳಬೇಕು.

ಇಲ್ಲಿಯವರೆಗೆ ಆದದ್ದು ನನ್ನೊಬ್ಬನ ಕಥೆ. ಇಷ್ಟೇ ಆಗಿದ್ದರೆ ನಾನು ಪೆನ್ನು ಎತ್ತುತ್ತಿರಲಿಲ್ಲ, ಗೋಡೆಯ ಮೇಲಾಗಲಿ ಕಾಗದದ ಮೇಲಾಗಲಿ. ಎರಡನೇ ಚುಚ್ಚುಮದ್ದಿನ ದಿನ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಐವತ್ತು ದಾಟಿದವಳು, ಎಡಗಣ್ಣಿಗೆ ಪಟ್ಟಿ. ಬಲಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಕೇಳಿಯೇಬಿಟ್ಟಳು:

“ನೀವು ಜಗಳೂರು ಬಸ್‌ಸ್ಟ್ಯಾಂಡಿನ ಗೋಡೆ ಮ್ಯಾಲಿರೋ ಸಾಹೇಬ್ರಲ್ಲೇನ್ರೀ?”

ಹೆಸರು ಕೊಟ್ರಮ್ಮ. ಜಗಳೂರಿನ ಹತ್ತಿರದ ಹಳ್ಳಿಯವಳು. ಕುರಿ ಸಾಕುತ್ತಾಳೆ, ಗಂಡ ತೀರಿ ನಾಲ್ಕು ವರ್ಷವಾಯಿತು, ಮಂದೆ ಅವಳದೇ. ಜನವರಿಯಲ್ಲಿ ವ್ಯಾನಿಗೆ ಹೋಗಿ ಅವಳು ಹೇಳಿದ್ದು ಇಷ್ಟು: “ಹೊತ್ತು ಮುಳುಗ್ತಿದ್ದಂಗೆ ಕರೀ ಕುರಿ ನನಗೆ ಕಾಣವಲ್ವು, ಬಿಳೀವೇ ಎಣಿಸ್ಕಂಡು ಬರ್ತೀನಿ.” ಅವಳಿಗೆ ಅಕ್ಷರದ ಬದಲು ಚಿತ್ರದ ಹಲಗೆ ತೋರಿಸಿದರು, ಗುರುತು ಹಿಡಿದಳು. ರಕ್ತವಿಲ್ಲ. ಹಸಿರು ಚೀಟಿ. ಬೇಸಿಗೆಯಲ್ಲಿ ಎಡಗಣ್ಣಿನ ಮುಂದೆ ನೊಣದಂಥವು ಹಾರತೊಡಗಿದವು. ದಾವಣಗೆರೆಗೆ ಹೋಗಬೇಕೆಂದು ಒಂದು ದಿನ ಜಗಳೂರಿನ ಬಸ್ ನಿಲ್ದಾಣದವರೆಗೆ ಬಂದಳು.

“ಬಸ್ ಬರಾಕೆ ತಡ ಇತ್ತು. ಅಲ್ಲೇ ಕುಂತಿದ್ದೆ. ಎದುರಿಗೆ ನೀವು ನಗಾಡ್ತಿದ್ರಿ. ಕೈಯಾಗೆ ನನ್ನಂಥದ್ದೇ ಹಸಿರು ಚೀಟಿ. ಓದಾಕ್ಕೆ ಬರೋರ ಕೈಲಿ ಓದಿಸ್ದೆ. ಸಾಹೇಬ್ರ ಕಣ್ಣು ಉಳಿದೈತಂತೆ, ನಂದೂ ಅದೇ ಚೀಟಿ, ನಂದೇನ್ ಹೋಗ್ತೈತೆ ಅಂದ್ಕಂಡು ಮನೀಗೆ ವಾಪಸ್ ಹೋದೆ.”

ಅದಾದ ಮೂರನೇ ವಾರ ಅವಳ ಎಡಗಣ್ಣಿನೊಳಗೆ ರಕ್ತ ಒಡೆದು ಪೂರ್ತಿ ಕತ್ತಲಾಯಿತು. ಶಸ್ತ್ರಚಿಕಿತ್ಸೆ ಆಗಿದೆ, ಬೆಳಕಿದೆ ಕತ್ತಲಿದೆ ಎಂಬಷ್ಟು ಮಾತ್ರ ತಿಳಿಯುತ್ತದೆ.

ನಿರ್ದೇಶಕರೇ, ನಾನು ಯಾರಿಗೂ ಕೆಟ್ಟ ಬಟ್ಟೆಯನ್ನು ಒಳ್ಳೆಯದೆಂದು ಮಾರಿದವನಲ್ಲ. ನನಗೆ ತಿಳಿಯದೆ ನನ್ನ ನಗುವನ್ನು ನಾಲ್ಕು ತಾಲ್ಲೂಕಿನಲ್ಲಿ ಮಾರಲಾಗಿತ್ತು, ಕೊಂಡವಳು ಪಕ್ಕದಲ್ಲಿ ಕೂತಿದ್ದಳು. “ತಪ್ಪಾಯ್ತಮ್ಮ” ಎಂದೆ. ಇನ್ನೇನು ಹೇಳಲಿ? ಕೊಟ್ರಮ್ಮ ಪಟ್ಟಿಯ ಅಂಚನ್ನು ಸರಿಮಾಡಿಕೊಳ್ಳುತ್ತ ಹೇಳಿದಳು:

“ನಿಮ್ದೇನ್ ತಪ್ಪು ಬಿಡ್ರಿ. ಅದ್ರಾಗೆ ನಿಮ್ಮ ಹಲ್ಲು ಕಾಣ್ತಿದ್ವು. ಕಣ್ಣು ಯಾರ್ ನೋಡಿದ್ರು?”

ಮಾರನೆಯ ದಿನವೇ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ಮಸರತ್ ಜೊತೆಗೆ ಬಂದಳು, ಬಟ್ಟೆಯ ಪೆಟ್ಟಿಗೆಗಳಿಗೆ ಗುರುತು ಹಾಕುವ ಸ್ಕೆಚ್ ಪೆನ್ನು ಅವಳ ಚೀಲದಲ್ಲಿತ್ತು. ಮಟಮಟ ಮಧ್ಯಾಹ್ನ, ಜನರೆಲ್ಲ ನೋಡುತ್ತಿರುವಾಗ, ಪೋಸ್ಟರಿನಲ್ಲಿದ್ದ ನನ್ನ ಎದೆಯ ಮೇಲೆ ದೊಡ್ಡದಾಗಿ ಬರೆದೆ: ‘ಈ ಮನುಷ್ಯನನ್ನು ನಂಬಬೇಡಿ. ಇವನ ಕಣ್ಣು ಉಳಿದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ, ಹಸಿರು ಚೀಟಿ ಇದ್ದರೂ, ವರ್ಷಕ್ಕೊಮ್ಮೆ ಹನಿ ಹಾಕಿಸಿ ಕಣ್ಣು ತೋರಿಸಿ. ಬಣ್ಣ ಕೆಟ್ಟರೆ, ಮಬ್ಬಿನಲ್ಲಿ ಕಾಣದಿದ್ದರೆ ಕಾಯಬೇಡಿ. ಇಂತಿ, ಇವನೇ.’ ಕೆಳಗೆ ನನ್ನ ಫೋನ್ ನಂಬರು ಹಾಕಿದೆ. ಹಾಗಾಗಿಯೇ ತಮ್ಮ ನೋಟಿಸು ನನಗೆ ಇಷ್ಟು ಸಲೀಸಾಗಿ ತಲುಪಿತು. ತನಿಖೆಗೆ ನಾನು ನೀಡಿದ ಸಹಕಾರವನ್ನು ದಾಖಲಿಸಿಕೊಳ್ಳಿ. ನಿಲ್ದಾಣದ ಕಂಟ್ರೋಲರ್ ಒಬ್ಬ ಓಡಿ ಬಂದು “ಏನ್ರೀ ಯಾರ್ದೋ ಫೋಟೊ ಮ್ಯಾಲೆ ಗೀಚ್ತೀರಿ?” ಎಂದು ರೇಗಿದ. ಮಸರತ್ ನನ್ನ ಭುಜ ಹಿಡಿದು ಪೋಸ್ಟರಿನ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದಳು. ಅವನು ಎರಡೂ ಮುಖ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ತಗ್ಗಿದ ದನಿಯಲ್ಲಿ ಕೇಳಿದ, “ನಮ್ಮವ್ವಗೂ ಶುಗರ್ ಐತ್ರೀ. ಯಾವ ಆಸ್ಪತ್ರೆ ಅಂದ್ರಿ?”

ಆ ಬರಹ ಆ ಗೋಡೆಯ ಮೇಲೆ ಒಂಬತ್ತು ದಿನ ಇತ್ತು. ನನ್ನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಹಸಿರು ಚೀಟಿ ಹಿಡಿದ ಹದಿನಾಲ್ಕು ಜನ ದಾವಣಗೆರೆಗೆ ಹೋದರು. ಐದು ಜನರ ಪರದೆ ಕೆಡುತ್ತಿತ್ತು, ಅವರಲ್ಲಿ ಇಬ್ಬರದು ಅವಸರದ ಸ್ಥಿತಿ ಎಂದು ಡಾಕ್ಟರ್ ಸಂಧ್ಯಾರಾಣಿ ಹೇಳಿದರು. ಉಳಿದ ಒಂಬತ್ತು ಜನರ ಕಣ್ಣು ನಿಜವಾಗಿಯೇ ಚೆನ್ನಾಗಿತ್ತು, ಅವರಿಗೂ ಮುಂದಿನ ವರ್ಷದ ತಿಂಗಳು ಬರೆದು ಕಳಿಸಿದರು. ಒಂದು ಸ್ಕೆಚ್ ಪೆನ್ನು, ಒಂಬತ್ತು ದಿನ, ಐದು ಜನ. ತಮ್ಮ ವಾರ್ಷಿಕ ವರದಿಯಲ್ಲಿ ಈ ಸಾಧನೆಯನ್ನೂ ಸೇರಿಸಿಕೊಳ್ಳಬಹುದು, ನನ್ನ ಆಕ್ಷೇಪವಿಲ್ಲ. ಹತ್ತನೇ ದಿನ ತಮ್ಮ ಸಿಬ್ಬಂದಿ ಎಂದೂ ಇಲ್ಲದ ಚುರುಕಿನಿಂದ ಬಂದು ಅದರ ಮೇಲೆ ಹೊಸ ಪೋಸ್ಟರು ಅಂಟಿಸಿದರು. ಮತ್ತೆ ನಾನೇ, ಮತ್ತೆ ನಗುತ್ತ. ಒಂದು ಕಣ್ಣನ್ನು ಎರಡನೇ ಸಲ ನೋಡಲಾಗದ ಯಂತ್ರಾಂಗಕ್ಕೆ ಒಂದು ಗೋಡೆಯನ್ನು ಎರಡನೇ ಸಲ ನೋಡಲು ಸಾಧ್ಯವಾಯಿತು, ಅಭಿನಂದನೆಗಳು.

ನನ್ನ ಸ್ಥಿತಿ ಇಷ್ಟು. ನಾಲ್ಕು ಚುಚ್ಚುಮದ್ದಾದ ಮೇಲೆ ಟೇಪಿನ ಹೊಟ್ಟೆ ಇಳಿದಿದೆ, ಪೂರ್ತಿ ಅಲ್ಲ. ಎಡಗಣ್ಣಿಗೆ ಮಸರತ್‌ಳ ಮುಖ ಮಂಜಿನ ಹಿಂದಿನಂತೆ ಕಾಣುತ್ತದೆ, ಮೂಗಿನ ನತ್ತು ಕಾಣುತ್ತದೆ, ಅಷ್ಟು ಸಾಕೆಂದು ಅವಳು ಹೇಳುತ್ತಾಳೆ. ಬಣ್ಣ ಮರಳಿಲ್ಲ. ಕಸ್ತೂರಮ್ಮನವರು ಈಗಲೂ ನಮ್ಮಲ್ಲಿಗೇ ಬರುತ್ತಾರೆ, ಆದರೆ ಮಸರತ್ ಇರುವ ಹೊತ್ತು ನೋಡಿ ಬರುತ್ತಾರೆ. ನಾನು ಅಂಗಡಿಯಲ್ಲಿ ಗುಂಡಿ, ಹುಕ್ಕು, ಕೆಂಪು ದಾರ ಕೊಡುತ್ತೇನೆ. ಚಹಾಕ್ಕೆ ಸಕ್ಕರೆ ಬಿಟ್ಟಿದ್ದೇನೆ. ಇದಕ್ಕೆ ತಮ್ಮ ಚೀಟಿಯೊಂದೇ ಕಾರಣವೆಂದು ನಾನು ಹೇಳಿಲ್ಲ, ಹೇಳುವುದಿಲ್ಲ. ಆದರೆ ಡಿಸೆಂಬರಿನಿಂದ ಜೂನಿನವರೆಗೆ ಆರು ತಿಂಗಳು ನನ್ನನ್ನು ನಿಶ್ಚಿಂತೆಯಿಂದ ಕೂರಿಸಿದ್ದು ಅದೇ. ಕಾಯಿಲೆ ಕಣ್ಣನ್ನು ತಿನ್ನುತ್ತಿರುವಾಗ ರೋಗಿಗೆ ನಿಶ್ಚಿಂತೆ ಹಂಚುವುದು ಯಾವ ಬಗೆಯ ಸೇವೆ?

ಆದ್ದರಿಂದ ಸಮಜಾಯಿಷಿಯ ಜೊತೆ ನನ್ನ ಬೇಡಿಕೆಯನ್ನೂ ಸ್ವೀಕರಿಸಿ. ನನ್ನ ಮುಖವನ್ನು ನಾಲ್ಕೂ ತಾಲ್ಲೂಕಿನ ಗೋಡೆಗಳಿಂದ ಕೀಳಿಸಿ. ‘ಮುಂದಿನ ತಪಾಸಣೆ ಅಗತ್ಯವಿಲ್ಲ’ ಎಂಬ ಸಾಲನ್ನು ಅಚ್ಚಿನಿಂದಲೇ ಅಳಿಸಿ, ಆ ಜಾಗದಲ್ಲಿ ಮುಂದಿನ ವರ್ಷದ ತಾರೀಖು ಬರೆಯಿರಿ. ಟ್ಯಾಬಿನಲ್ಲಿ ರೋಗಿಯ ಮಾತನ್ನು ಬರೆದುಕೊಳ್ಳಲು ಒಂದು ಖಾಲಿ ಜಾಗ ಮಾಡಿಸಿ. ಕರೀ ಕುರಿ ಕಾಣುವುದಿಲ್ಲ ಎಂದು ಒಬ್ಬಳು ಹೇಳಿದರೆ ‘ಕರೀ ಕುರಿ ಕಾಣುವುದಿಲ್ಲ’ ಎಂದೇ ಬರೆದುಕೊಂಡು ಅವಳನ್ನು ಕಣ್ಣಿನ ವೈದ್ಯರ ಬಳಿ ಕಳಿಸಿ. ಹನಿ ಹಾಕಿ, ಅರ್ಧ ಗಂಟೆ ಕಾಯಿಸಿ. ದಿನಕ್ಕೆ ಇನ್ನೂರು ಆಗದಿದ್ದರೆ ಅರವತ್ತು ನೋಡಿ. ಎಲ್ಲಕ್ಕಿಂತ ಮೊದಲು, ಹಸಿರು ಚೀಟಿ ಕೊಟ್ಟು ಮನೆಗೆ ಕಳಿಸಿದ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದು ಮತ್ತೆ ಪರೀಕ್ಷಿಸಿ. ಅವರ ಹೆಸರು, ಊರು, ಫೋನು ಎಲ್ಲವೂ ತಮ್ಮ ಬಳಿ ಇದೆ. ನನಗೆ ನೋಟಿಸು ಕಳಿಸಲು ವಿಳಾಸ ಹುಡುಕಿದ ಕೈಗಳಿಗೆ ಇದು ಕಷ್ಟದ ಕೆಲಸವಲ್ಲ.

ಇನ್ನು ಗುರುವಾರ ಹನ್ನೊಂದಕ್ಕೆ ಹಾಜರಾಗುವ ವಿಷಯ. ಕ್ಷಮಿಸಬೇಕು, ಆಗುವುದಿಲ್ಲ. ಅದೇ ಹೊತ್ತಿಗೆ ದಾವಣಗೆರೆಯಲ್ಲಿ ಕೊಟ್ರಮ್ಮನ ಬಲಗಣ್ಣಿಗೆ ಲೇಸರ್ ಇದೆ. ಅವಳಿಗೆ ಉಳಿದಿರುವುದು ಅದೊಂದೇ ಕಣ್ಣು, ವಾಪಸು ಬಸ್ಸು ಹತ್ತುವಾಗ ಕೈ ಹಿಡಿಯಲು ಒಬ್ಬರು ಬೇಕು, ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ನನ್ನ ಮೇಲೆ ಕ್ರಮ ಕೈಗೊಳ್ಳಲೇಬೇಕಿದ್ದರೆ ತಾವೇ ಅಲ್ಲಿಗೆ ಬನ್ನಿ. ಅವಳ ಪಕ್ಕದಲ್ಲಿ ಜಾಗ ಹಿಡಿದಿರುತ್ತೇನೆ. ತಾವು ಯಾರೆಂದು ನಾನು ಹೇಳುವುದಿಲ್ಲ, ಅವಳು ಕೇಳಿದರೆ ತಾವೇ ಹೇಳಬೇಕಾಗುತ್ತದೆ.

ಇಂತಿ,
ಬಲಗಣ್ಣಿನ ಮಟ್ಟಿಗೆ ಅಕ್ಷರಸ್ಥನೂ ಎಡಗಣ್ಣಿನ ಮಟ್ಟಿಗೆ ಹೆಬ್ಬೆಟ್ಟಿನವನೂ ಆದ,
ಇಲಿಯಾಸ್
ಮ್ಯಾಚಿಂಗ್ ಸೆಂಟರ್, ಪೇಟೆ ಬೀದಿ, ಚನ್ನಗಿರಿ
(ನೀಲಿ ಮತ್ತು ಹಳದಿಗೆ ಮಸರತ್ ಅವರನ್ನು ವಿಚಾರಿಸುವುದು)